ಮಣೆ ತಿರುಗಿಸಿ ಓದುತ್ತಿದ್ದ ಅಕ್ಕೋರು

ಮಣೆಯ ಕೆಳಗಿನ ಎಡ ಮೂಲೆಯಲ್ಲಿ ಸಾಸಿವೆ ಕಾಳಿಗಿಂತ ತುಸು ದೊಡ್ಡದಾದ ಒಂದು ಬಿಳಿ ಚುಕ್ಕಿ ಇತ್ತು. ಎನಾಮೆಲ್ ಬಣ್ಣದ್ದು. ಮಣೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದದ್ದೆಲ್ಲ ಒದ್ದೆ ಬಟ್ಟೆಗೆ ಅಳಿಸಿ ಹೋಗುತ್ತಿತ್ತು, ಆ ಚುಕ್ಕಿ ಮಾತ್ರ ಹೋಗುತ್ತಿರಲಿಲ್ಲ. ಊಟಕ್ಕೆ ಕೂರಲು ಹಾಕುವ ಉದ್ದನೆಯ ಸಾಗುವಾನಿ ಮಣೆ ಅದು. ಓದಲು ಎಲ್ಲಿಂದ ಶುರು ಮಾಡಬೇಕು ಎಂಬುದಕ್ಕೆ ಆ ಚುಕ್ಕಿ ಗುರುತು.

ಅಕ್ಕೋರು ಚುಕ್ಕಿಯಿಂದ ಹೊರಟು ಎಡದಿಂದ ಬಲಕ್ಕೆ ಒಂದು ಸಾಲು ಬೆರಳಾಡಿಸುತ್ತಿದ್ದರು. ಸಾಲು ಮುಗಿದ ಕೂಡಲೇ ಮಣೆಯನ್ನು ಎರಡೂ ಕೈಯಿಂದ ಎತ್ತಿ, ಮೇಲಿನ ಅಂಚು ಕೆಳಗೆ ಬರುವಂತೆ ತಿರುಗಿಸಿ ಮತ್ತೆ ತೊಡೆಯ ಮೇಲೆ ಇಟ್ಟುಕೊಳ್ಳುತ್ತಿದ್ದರು. ಅಲ್ಲಿಯವರೆಗೆ ತಲೆಕೆಳಗಾಗಿ ನಿಂತಿದ್ದ ಮುಂದಿನ ಸಾಲು ಆಗ ನೆಟ್ಟಗಾಗುತ್ತಿತ್ತು. ಅದು ಮುಗಿದರೆ ಮತ್ತೆ ತಿರುಗಿಸುವುದು. ಆ ಲಿಪಿಯನ್ನು ಕೊರೆದವರು ಹಾಗೆಯೇ ಕೊರೆದಿದ್ದರಂತೆ. ಕಾಗದದ ಮೇಲೆ ಎಲ್ಲ ಸಾಲುಗಳನ್ನೂ ನೆಟ್ಟಗೆ ಬರೆದುಕೊಂಡರೆ ಈ ಕಷ್ಟವಿಲ್ಲವಲ್ಲ ಎಂದು ನಾನೊಮ್ಮೆ ಕೇಳಿದ್ದೆ. ಹಾಗೆ ಮಾಡಿದರೆ ತೋಳಿಗೆ ಏನೂ ತಿಳಿಯುವುದಿಲ್ಲ ಎಂದಿದ್ದರು.

ಆ ಲಿಪಿಯ ಹೆಸರು ರೊಂಗೊರೊಂಗೊ. ಪೆಸಿಫಿಕ್ ಸಾಗರದ ನಡುವೆ, ಯಾವ ನೆಲಕ್ಕೂ ಹತ್ತಿರವಲ್ಲದ ರಾಪಾ ನುಯಿ ಎಂಬ ದ್ವೀಪದ ಮರದ ಹಲಗೆಗಳ ಮೇಲೆ ಅದು ಉಳಿದಿದೆ. ದೊಡ್ಡ ಕಲ್ಲಿನ ಮುಖಗಳ ಚಿತ್ರದಿಂದ ಆ ದ್ವೀಪ ಎಲ್ಲರಿಗೂ ಗೊತ್ತು, ಹಲಗೆಗಳು ಗೊತ್ತಿಲ್ಲ. ಹಕ್ಕಿ, ಮೀನು, ಆಮೆ, ಕೈ ಎತ್ತಿದ ಮನುಷ್ಯ, ಬಿದಿಗೆ ಚಂದ್ರ, ಹೀಗೆ ಸಣ್ಣ ಸಣ್ಣ ಗುರುತುಗಳು ಒತ್ತೊತ್ತಾಗಿ ಸಾಲುಗಟ್ಟಿ ನಿಂತಿರುತ್ತವೆ. ಓದಬಲ್ಲವರನ್ನು ಗುಲಾಮರನ್ನಾಗಿ ಹಡಗುಗಳಲ್ಲಿ ಹೊತ್ತೊಯ್ದರು, ಉಳಿದವರು ರೋಗಕ್ಕೆ ಹೋದರು. ಹಲಗೆಗಳು ಉಳಿದವು, ಓದು ಉಳಿಯಲಿಲ್ಲ. ಒಂದು ಹಲಗೆಯಲ್ಲಿ ಮಾತ್ರ ಬಿದಿಗೆ ಚಂದ್ರಗಳು ಸಾಲಾಗಿ ಬರುವ ಒಂದು ತುಣುಕಿದೆ. ಅದು ತಿಂಗಳಿನ ರಾತ್ರಿಗಳ ಲೆಕ್ಕ ಎಂದು ಬಲ್ಲವರಲ್ಲಿ ಹೆಚ್ಚಿನವರು ಒಪ್ಪುತ್ತಾರೆ. ಅಕ್ಕೋರ ಮಣೆಯ ಮೇಲಿದ್ದದ್ದು ಆ ಹಲಗೆಯ ಆ ಬದಿ.

“ಓದ್ತೀರಾ ಅಕ್ಕೋರೇ?” ಎಂದು ಯಾರಾದರೂ ಕೇಳಿದರೆ ಅವರಿಗೆ ಸರಿಬರುತ್ತಿರಲಿಲ್ಲ. “ಓದೂದಿಲ್ಲವಾ, ನೋಡ್ತೀನಿ ಅಷ್ಟ,” ಎನ್ನುತ್ತಿದ್ದರು.

ಮರಾಠಿ ಸೀಮೆಯ ಈ ನಗರದಲ್ಲಿ ನಾನು ಅವರನ್ನು ಮೊದಲು ಕಂಡದ್ದು ಹವ್ಯಾಸಿ ಆಕಾಶವೀಕ್ಷಕರ ಗುಂಪೊಂದು ಕಾಲೇಜಿನ ಮೈದಾನದಲ್ಲಿ ದೂರದರ್ಶಕ ಇಟ್ಟ ಸಂಜೆ. ಸರದಿಯಲ್ಲಿ ನಿಂತು ಅಮ್ಮನಿಗೆ ಫೋನಿನಲ್ಲಿ ಊಟ ಆಯಿತು ಎಂದು ಸುಳ್ಳು ಹೇಳುತ್ತಿದ್ದೆ. ಮುಂದೆ ನಿಂತಿದ್ದ, ಕಾಟನ್ ಸೀರೆಯ ಮೇಲೆ ಗಂಡಸರ ಸ್ವೆಟರ್ ಹಾಕಿಕೊಂಡಿದ್ದ ಹೆಂಗಸು ತಿರುಗಿ ಯಾವ ಊರು ಎಂದು ಕೇಳಿದರು. ಹಾಸನ ಎಂದೆ.

“ಹಂಗಾರ ನನ್ನ ಕನ್ನಡ ನಿನಗ ಅರ್ಧ ತಿಳೀತದ. ಉಳಿದರ್ಧ ಮರಾಠಿ ಅಂತ ತಿಳಕೊ.”

ಅವರ ತವರು ವಿಜಯಪುರದ ಕಡೆ. ಗಂಡ ಸೈನ್ಯದ ಉಗ್ರಾಣದಲ್ಲಿ ಗುಮಾಸ್ತರಾಗಿದ್ದರು, ನಾನು ಪರಿಚಯವಾಗುವ ಮೊದಲೇ ತೀರಿಕೊಂಡಿದ್ದರು. ಸ್ವೆಟರ್ ಅವರದು. ಮಗಳು ನಗರದ ಇನ್ನೊಂದು ಕಡೆ, ಕೊಂಢವಾದಲ್ಲಿ. ಅಕ್ಕೋರು ಖಡಕಿಯ ಒಂದು ಮರಾಠಿ ಶಾಲೆಯಲ್ಲಿ ನಿವೃತ್ತಿಯವರೆಗೆ ಗಣಿತ ಕಲಿಸಿದವರು. ಓಣಿಯ ಮಕ್ಕಳಿಗೆ ಅವರು ‘ಬಾಯಿ’, ಕನ್ನಡದವರಿಗೆ ‘ಅಕ್ಕೋರು’. ಅವರ ಸೀಮೆಯಲ್ಲಿ ಹೆಣ್ಣು ಮೇಷ್ಟರನ್ನು ಕರೆಯುವುದು ಹಾಗೆಯೇ. ನಾನು ಕೆಲವು ದಿನ ಮೇಡಂ ಎಂದು ಕರೆದೆ. ಮೇಡಂ ಎಂದರೆ ಬ್ಯಾಂಕಿನಲ್ಲಿ ಚೆಕ್ ಮರಳಿಸುವವಳ ನೆನಪಾಗುತ್ತದೆ ಎಂದು ಅವರೇ ಬಿಡಿಸಿದರು.

ಏನಾದರೂ ವಿವರಿಸುವಾಗ ಅವರು ಎಡಗೈಯನ್ನು ಪಾಟಿಯಂತೆ ಚಾಚಿ, ಬಲಗೈ ತೋರುಬೆರಳಿನಿಂದ ಅದರ ಮೇಲೆ ಬರೆಯುತ್ತಿದ್ದರು. ತಪ್ಪಾದರೆ ಅಂಗೈಯನ್ನು ಸೆರಗಿನಿಂದ ಒರೆಸುತ್ತಿದ್ದರು. ಹೊಗಳುವುದರಲ್ಲಿ ಬಿಗಿ. ಶಾಲೆಯಲ್ಲಿ ಸರಿಯುತ್ತರ ಹೇಳಿದ ಮಗುವಿಗೂ ಶಾಭಾಸ್ ಸಿಗುತ್ತಿರಲಿಲ್ಲವಂತೆ, ಒಂದು ಪ್ರಶ್ನೆ ಸಿಗುತ್ತಿತ್ತಂತೆ. ನನಗೂ ಅದೇ ಸಿಕ್ಕಿತು, ಎಷ್ಟೋ ಸಲ.

“ತಪ್ಪಾಗಿದ್ರ ಹೆಂಗ ಗೊತ್ತಾಗತಿತ್ತು?”

ಒಮ್ಮೆ ಮಾವಿನ ಹಣ್ಣಿನ ಗಾಡಿಯವನು ಹಣ್ಣು ಸಿಹಿಯಾಗಿದೆ ಎಂದಾಗ ಅವನನ್ನೂ ಬಿಡಲಿಲ್ಲ. ಮರಾಠಿಯಲ್ಲಿ, ಇಲ್ಲದಿದ್ದರೆ ಏನಾಗುತ್ತದೆ ಎಂದು ಕೇಳಿದರು. ಅವನು ತಲೆ ಎತ್ತದೆ, “ತರ ತುಮ್ಹೀ ಉದ್ಯಾ ಯೇವೂನ ಶಿವ್ಯಾ ದ್ಯಾಲ,” ಎಂದ. ಹಾಗಾದರೆ ನಾಳೆ ಬಂದು ಬೈಯುತ್ತೀರಿ ಎಂದರ್ಥ. ಅಕ್ಕೋರಿಗೆ ಬಹಳ ಖುಷಿಯಾಯಿತು. ದಾರಿಯುದ್ದಕ್ಕೂ ಅದನ್ನೇ ಹೇಳಿದರು: ನೋಡು, ಅಂವಾ ತನ್ನ ಮಾತು ಸುಳ್ಳಾಗೂದಕ್ಕ ಒಂದು ಬಾಗಿಲು ತೆರೆದಿಟ್ಟ, ದೊಡ್ಡ ದೊಡ್ಡ ಪಂಡಿತರು ಇಡೂದಿಲ್ಲ.

ಅವರ ಮನೆ ಮಾಳಿಗೆಯದು. ಮೇಲೆ ಒಂದು ಹಗ್ಗದ ಹೊರಸು ಸದಾ ಬಿದ್ದಿರುತ್ತಿತ್ತು. ಚಳಿಗಾಲದ ಒಂದು ಸಂಜೆ, ಸೂರ್ಯ ಮುಳುಗಿ ಸ್ವಲ್ಪ ಹೊತ್ತಿಗೆ, ಅರ್ಧಚಂದ್ರ ಎತ್ತರದಲ್ಲಿ ನಿಂತಿದ್ದಾಗ ಅಕ್ಕೋರು ನನ್ನನ್ನು ಮೇಲೆ ಕರೆದುಕೊಂಡು ಹೋದರು. ದಕ್ಷಿಣಕ್ಕೆ ಮುಖ ಮಾಡಿ ನಿಲ್ಲಿಸಿ, ಬೆಳಕು ಯಾವ ಕಡೆಗಿದೆ ಎಂದು ಕೇಳಿದರು. ಬಲಕ್ಕೆ ಎಂದೆ. ಶುಕ್ಲಪಕ್ಷದ ಚಂದ್ರ ನಮಗೆಲ್ಲ ಹಾಗೆಯೇ ಕಾಣುತ್ತಾನೆ. ಆ ದ್ವೀಪ ಭೂಮಧ್ಯರೇಖೆಯ ಆಚೆ, ಅಲ್ಲಿಯವರು ಚಂದ್ರನನ್ನು ಉತ್ತರಕ್ಕೆ ತಿರುಗಿ ನೋಡಬೇಕು, ಅವರಿಗೆ ಅದೇ ಬೆಳಕು ಎಡಕ್ಕೆ.

ಇಷ್ಟು ಹೇಳಿ, ಸೀರೆ ಸರಿಮಾಡಿಕೊಂಡು, ಎಪ್ಪತ್ತು ದಾಟಿದ ಆ ಹೆಂಗಸು ಹೊರಸಿನ ಮೇಲೆ ತಲೆಯನ್ನು ದಕ್ಷಿಣಕ್ಕೆ, ಕಾಲನ್ನು ಉತ್ತರಕ್ಕೆ ಇಟ್ಟು ಅಂಗಾತ ಮಲಗಿಬಿಟ್ಟರು.

“ಈಗ ನನಗ ಎಡಕ್ಕದ. ಸಣ್ಣಾಕಿ ಇದ್ದಾಗ ಮಾಳಿಗಿ ಮ್ಯಾಲೆ ಮಲಗತಿದ್ವಿ. ಉತ್ತರಕ್ಕ ತಲಿ ಹಾಕಬ್ಯಾಡ ಅಂತ ನಮ್ಮವ್ವ ಬೈದು ತಿರುಗಿಸಿ ಮಲಗಸ್ತಿದ್ಲು. ನಿಂತಾಗ ನಮ್ಮ ಊರಿನ ಚಂದ್ರ, ಮಲಗಿದಾಗ ಆ ದ್ವೀಪದ ಚಂದ್ರ. ಆಕಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.”

ನನಗೂ ಮಲಗಿ ನೋಡು ಎಂದರು. ಪಕ್ಕದ ಮಾಳಿಗೆಯಲ್ಲಿ ಬಟ್ಟೆ ತೆಗೆಯುತ್ತಿದ್ದ ಹೆಂಗಸು ಕೈ ನಿಲ್ಲಿಸಿ ನಮ್ಮನ್ನೇ ನೋಡುತ್ತಿದ್ದಳು. ನಾನು ಬೇಡ ಎಂದೆ, ನೀವು ಹೇಳಿದ್ದು ಅರ್ಥವಾಯಿತು ಎಂದೆ.

“ಅರ್ಥ ಆಗೂದು ಬ್ಯಾರೆ. ಇರಲಿ ಬಿಡು, ಚಂದ್ರ ಎಲ್ಲಿಗೂ ಹೋಗೂದಿಲ್ಲ.”

ಅವರು ಒತ್ತಾಯ ಮಾಡುವವರಲ್ಲ. ಅದಕ್ಕೇ ನಾನು ಮತ್ತೆ ಮತ್ತೆ ಹೋಗುತ್ತಿದ್ದೆ. ಭಾನುವಾರ ನಾನಿದ್ದ ಮಗರಪಟ್ಟಾದಿಂದ ಖಡಕಿಗೆ ಹೋಗಿ ಬರುವುದು ದಂಡ ಎಂದು ನನ್ನ ರೂಮ್‌ಮೇಟ್ ನಗುತ್ತಿದ್ದಳು.

ಅಕ್ಕೋರಿಗೆ ಒಂದು ಸ್ವಂತ ವಾದವಿತ್ತು. ಚಂದ್ರನ ತುಣುಕು ಸರಿ, ಆದರೆ ಆ ಬದಿಯ ಉಳಿದ ಸಾಲುಗಳೂ ಪಂಚಾಂಗವೇ ಎಂಬುದು. ಕೃತ್ತಿಕೆ ಮೂಡುವುದು ಆ ಸಾಗರದ ಜನರಿಗೂ ಮುಖ್ಯವಾಗಿತ್ತು, ಅಲ್ಲಿಂದ ಅವರ ಯೋಚನೆ ಹೊರಟಿತ್ತು. ಕೈ ಎತ್ತಿದ ಮನುಷ್ಯ ಎಂದರೆ ಒಂದು ನಕ್ಷತ್ರ, ನಡುವಿನ ಮೀನುಗಳು ಚಂದ್ರನ ದಾರಿ, ಹಕ್ಕಿ ಬಂದರೆ ಗುಂಪು ಮುಗಿಯಿತು. ಕೆಲವು ಗುರುತುಗಳನ್ನು ಜೋಡಿಯಾಗಿ ಎಣಿಸಬೇಕು, ಕೆಲವನ್ನು ಬಿಡಬೇಕು. ಅದಕ್ಕೆಲ್ಲ ಅವರದೇ ನಿಯಮಗಳಿದ್ದವು. ನಿಯಮದಂತೆ ನಡೆದರೆ ಸಾಲುಗಳು ಇಪ್ಪತ್ತೇಳು ಗುಂಪುಗಳಾಗಿ ಒಡೆಯುತ್ತಿದ್ದವು. ಅಶ್ವಿನಿಯಿಂದ ರೇವತಿಯವರೆಗೆ ನಮ್ಮ ನಕ್ಷತ್ರಗಳೂ ಅಷ್ಟೇ. ಸಾಗರದ ಆಚೆಯ ಜನರೂ ಚಂದ್ರನ ದಾರಿಯನ್ನು ನಮ್ಮಂತೆಯೇ ಭಾಗ ಮಾಡಿದ್ದರು ಎಂದಾಗುತ್ತದೆ. ಗಂಡ ಬದುಕಿದ್ದಾಗ ಶುರು ಮಾಡಿದ ಕೆಲಸ ಅದು. ಆಕಾಶವೀಕ್ಷಕರ ಗುಂಪು ಅದನ್ನು ಮರಾಠಿಯಲ್ಲಿ ಪುಸ್ತಿಕೆಯಾಗಿ ತರಲು ಮುಂದಾಗಿತ್ತು, ಒಂದು ಉಪನ್ಯಾಸವನ್ನೂ ಇಟ್ಟಿತ್ತು. ಅಚ್ಚಿನ ಕರಡು ಮನೆಗೆ ಬಂದಾಗ ಮುಖಪುಟದ ಮೇಲೆ ತಮ್ಮ ಹೆಸರಿದ್ದ ಕಡೆ ಅವರು ಅಂಗೈ ಇಟ್ಟುಕೊಂಡು ಸುಮ್ಮನೆ ಕುಳಿತಿದ್ದನ್ನು ನಾನು ನೋಡಿದ್ದೇನೆ. ಬೇರೆ ಯಾವ ವಸ್ತುವನ್ನೂ ಅವರು ಹಾಗೆ ಮುಟ್ಟಿದ್ದು ನೆನಪಿಲ್ಲ.

ಕರಡು ಬಂದ ವಾರವೇ ತಮ್ಮ ಪ್ರಶ್ನೆಯನ್ನು ತಮಗೇ ಕೇಳಿಕೊಂಡರು. ಯಾರೂ ಅವರನ್ನು ಕೇಳಿರಲಿಲ್ಲ.

ಹಳೆಯ ಮದುವೆ ಕರೆಯೋಲೆಗಳನ್ನು ಸಣ್ಣ ಚೌಕಗಳಾಗಿ ಕತ್ತರಿಸಿ, ಒಂದೊಂದರ ಹಿಂದೆ ಒಂದೊಂದು ಗುರುತು ಬರೆದರು. ಹಲಗೆಯ ಆ ಬದಿಯಲ್ಲಿ ಇರುವಷ್ಟೂ. ಎಲ್ಲವನ್ನೂ ಮೊರಕ್ಕೆ ಸುರಿದು, ಕೇರಿ ಕಲಸಲು ನನಗೆ ಕೊಟ್ಟರು. ಕೈಗೆ ಬಂದ ಕ್ರಮದಲ್ಲಿ ಚೀಟಿಗಳನ್ನು ಸಾಲಾಗಿ ಜೋಡಿಸಿ ಹಾಳೆಗೆ ನಕಲು ಮಾಡಬೇಕು. ಹೀಗೆ ಕಲಸಿದ ಮೂರು ಹಾಳೆ, ನಿಜವಾದ ಕ್ರಮದ ಒಂದು ಹಾಳೆ. ಯಾವುದಕ್ಕೆ ಯಾವ ಸಂಖ್ಯೆ ಎಂದು ತಮಗೆ ಹೇಳಬಾರದು ಎಂದರು. ನಿಜವಾದ ಹಾಳೆಗೆ ನಾನು ಎರಡು ಎಂದು ಹಾಕಿದೆ. ಅವರಿಗಂತೂ ಹಲಗೆ ಬಾಯಿಪಾಠ, ಆದ್ದರಿಂದ ಹಾಳೆಗಳನ್ನು ನೋಡುವವರು ಬೇರೆಯವರಾಗಬೇಕಿತ್ತು.

ಓಣಿಯ ತುದಿಯಲ್ಲಿ ಕುಂದಾಪುರದ ಕಡೆಯವರೊಬ್ಬರ ಹೋಟೆಲಿದೆ. ಯಜಮಾನರು ಗಲ್ಲೆಯ ಪಕ್ಕದಲ್ಲೇ ಪಂಚಾಂಗ ಇಟ್ಟುಕೊಂಡವರು. ಏಕಾದಶಿಗೆ ಸಾಬುದಾಣೆ ಖಿಚಡಿ ಎಷ್ಟು ಮಾಡಿಸಬೇಕು, ಸಂಕಷ್ಟಿಯ ದಿನ ಚಂದ್ರೋದಯದ ಮೇಲೆ ಎಷ್ಟು ಜನ ಬರುತ್ತಾರೆ ಎಂಬುದೆಲ್ಲ ಅವರಿಗೆ ಅದರಿಂದಲೇ. ಅಕ್ಕೋರು ಮಧ್ಯಾಹ್ನ ಗಿರಾಕಿ ಕಡಿಮೆಯಾದ ಹೊತ್ತಿಗೆ ಹೋಗಿ ಅವರಿಗೆ ನಿಯಮಗಳನ್ನು ಕಲಿಸಿದರು. ಮರುಪ್ರಶ್ನೆಗಳನ್ನು ಕೇಳಿ ಅವರು ಚೆನ್ನಾಗಿಯೇ ಕಲಿತರು. ಹಾಳೆಗಳ ಗುಟ್ಟು ಅವರಿಗೂ ಹೇಳಲಿಲ್ಲ. ನಾಲ್ಕರಲ್ಲಿ ಯಾವುದು ಒಳ್ಳೆಯ ಪಂಚಾಂಗ ನೋಡಿ ಹೇಳಿ ಎಂದಷ್ಟೇ ಹೇಳಿದೆವು.

ಮುಂದಿನ ಭಾನುವಾರ ಅವರು ಮನೆಗೇ ಬಂದರು. ಕೈಯಲ್ಲಿ ಗೋಳಿಬಜೆಯ ಪೊಟ್ಟಣ, ಮುಖದಲ್ಲಿ ಪರೀಕ್ಷೆಯಲ್ಲಿ ಪಾಸಾದ ಕಳೆ.

“ಅಕ್ಕ, ನಾಲ್ಕರಲ್ಲೂ ಬರ್ತದೆ,” ಎಂದರು. “ಇಪ್ಪತ್ತೇಳು. ಒಂದರಲ್ಲಿ ಸ್ವಲ್ಪ ಎಳೀಬೇಕು, ಆದ್ರೆ ಬರ್ತದೆ. ಮೂರನೇದು ಭಾರೀ ಲಾಯ್ಕ ಉಂಟು, ಒಂದೂ ಗುರುತು ಬಿಡ್ಲಿಕ್ಕಿಲ್ಲ. ಆ ಜನ ಹುಷಾರ್ ಮಾರಾಯ್ರೆ.”

ಮೂರನೆಯದು ನಾನು ಮೊರದಲ್ಲಿ ಕೇರಿ ಕಲಸಿದ್ದು. ನಾನು ಅಕ್ಕೋರ ಮುಖ ನೋಡಲಿಲ್ಲ. ಅವರು ಸಾಮಾನ್ಯ ದನಿಯಲ್ಲೇ, ನಾಲ್ಕಕ್ಕೂ ಏನಾದರೂ ವ್ಯತ್ಯಾಸ ಕಂಡಿತೇ ಎಂದು ಕೇಳಿದರು.

“ವ್ಯತ್ಯಾಸ ಎಂತ ಇಲ್ಲ. ಹಾಂ, ಎರಡನೇದರಲ್ಲಿ ಒಂದು ಕಡೆ ಚಂದ್ರಗಳೆಲ್ಲ ಸಾಲಾಗಿ ಬಂದಿದಾವೆ. ಅವುಗಳ ಮಧ್ಯ ಮಧ್ಯ ಅದೇ ನಾಲ್ಕು ಗುರುತು ಪುನಃ ಪುನಃ ಬರ್ತದೆ. ಬಾಕಿದರಲ್ಲಿ ಅದು ಚೆಲ್ಲಾಪಿಲ್ಲಿ.”

ಅಕ್ಕೋರು ನನ್ನ ಕಡೆ ತಿರುಗಿದರು. “ಖರೆ ಹಾಳಿ ಎರಡನೇದು ಹೌದಲ್ಲ?”

ಹೌದು ಎಂದೆ.

ಯಜಮಾನರಿಗೆ ಆಗ ಏನೋ ಹೊಳೆದಂತಾಯಿತು. ನಾನು ಎಂತಾದ್ರೂ ತಪ್ಪು ಹೇಳಿದ್ನಾ ಎಂದು ಇಬ್ಬರನ್ನೂ ನೋಡಿದರು. ಇಲ್ಲ, ನೀವು ಭಾಳ ಛಲೋ ನೋಡೀರಿ ಎಂದು ಅಕ್ಕೋರು ಅವರಿಗೆ ಚಹಾ ಕೊಟ್ಟು ಕಳಿಸಿದರು. ‘ಭಾಳ ಛಲೋ’ ಎಂದು ಅವರು ಒಬ್ಬರಿಗೆ ಹೇಳಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಆಮೇಲೆ ತಾವೇ ಮೊರ ತೆಗೆದುಕೊಂಡು ಚೀಟಿಗಳನ್ನು ಕೇರಿದರು. ನೆಲದ ಮೇಲೆ ಸಾಲಾಗಿ ಹರಡಿ, ಕಣ್ಣನ್ನು ಹತ್ತಿರ ತಂದು, ತಮ್ಮದೇ ನಿಯಮಗಳಿಂದ ಗುಂಪು ಮಾಡುತ್ತ ಹೋದರು. ಬೆರಳು ಒಂದು ಕಡೆ ತಡೆಯಿತು, ಒಂದು ಜೋಡಿಯನ್ನು ಒಂದಾಗಿ ಎಣಿಸಿತು, ಮುಂದೆ ಹೋಯಿತು. ಕೊನೆಯ ಚೀಟಿಗೆ ಬಂದು ನಿಂತಿತು. ನಾನೂ ಮನಸ್ಸಿನಲ್ಲೇ ಎಣಿಸಿದ್ದೆ, ಇಪ್ಪತ್ತೇಳು.

“ನಮ್ಮಪ್ಪಗ ಕಣ್ಣು ಕಾಣತಿರಲಿಲ್ಲ,” ಎಂದರು ಚೀಟಿಗಳನ್ನು ಮೊರಕ್ಕೆ ತುಂಬುತ್ತ. “ದಿನಾ ಮುಂಜಾನೆ ನಾ ಪಂಚಾಂಗ ಓದಿ ಹೇಳಬೇಕಿತ್ತು. ತಿಥಿ, ವಾರ, ನಕ್ಷತ್ರ. ಅದು ಕಣ್ಣಾಗ ಕುಂತುಬಿಟ್ಟದ ನೋಡು. ಹಲಗಿಯೊಳಗ ಇರಲಿಲ್ಲ.”

ಪುಸ್ತಿಕೆಯ ಕೆಲಸ ಮುಂದೆ ಹೋಗಿದೆ, ಇದನ್ನು ಯಾರಿಗೂ ಹೇಳಬೇಕಾಗಿಲ್ಲವಲ್ಲ ಎಂದು ನಾನು ಮೆಲ್ಲನೆ ಅಂದೆ. ಅದು ಊಹೆಯಷ್ಟೇ ಎಂದು ಮುನ್ನುಡಿಯಲ್ಲಿ ಒಂದು ಸಾಲು ಸೇರಿಸಬಹುದು ಎಂದೂ ಅಂದೆ. ಅವರು ಕೇಳಿಸಿಕೊಂಡರು. ಎದ್ದು ಒದ್ದೆ ಬಟ್ಟೆ ತಂದು ಮಣೆಯ ಮೇಲಿನ ಬರಹವನ್ನು ಒರೆಸಲು ಶುರು ಮಾಡಿದರು. ಮೇಲಿನ ಸಾಲುಗಳೆಲ್ಲ ಹೋದವು. ಚಂದ್ರನ ತುಣುಕಿನ ಬಳಿ ಬಂದು ಕೈ ನಿಂತಿತು.

“ಇದು ಅದ. ಇದನ್ನ ಕಲಸಿದ್ರ ಹರದು ಹೋಗತದ, ಅದಕ್ಕ ಇದು ಅದ. ಉಳಿದದ್ದು ನಾ ಹಚ್ಚಿದ್ದು.”

ಆದರೆ ಊಟದ ಹೊತ್ತಾಗಿತ್ತು. ಅದನ್ನೂ ಒರೆಸಿ, ಮಣೆಯನ್ನು ಒಣಗಿಸಿ, ಅಡುಗೆಮನೆಯ ನೆಲದ ಮೇಲೆ ಹಾಕಿ ನನ್ನನ್ನು ಕೂರಿಸಿದರು. ಜೋಳದ ರೊಟ್ಟಿ, ಬದನೆಕಾಯಿ ಪಲ್ಯ, ಗೋಳಿಬಜೆ. ನನ್ನ ತಟ್ಟೆಗೆ ಬಡಿಸುತ್ತ ಇದ್ದರೇ ಹೊರತು ತಾವು ಸರಿಯಾಗಿ ತಿನ್ನಲಿಲ್ಲ. ಆಮೇಲೆ ಎರಡು ಭಾನುವಾರ ಬರಬೇಡ ಎಂದರು. ಆ ದಿನಗಳು ಅವರಿಗೆ ಹೇಗಿದ್ದವೋ ನನಗೆ ಗೊತ್ತಿಲ್ಲ.

ಪುಸ್ತಿಕೆಯನ್ನು ನಿಲ್ಲಿಸಿದರು. ಉಪನ್ಯಾಸವನ್ನು ನಿಲ್ಲಿಸಲಿಲ್ಲ. ಗ್ರಂಥಾಲಯವೊಂದರ ಮಹಡಿಯಲ್ಲಿ, ಹಾಕಿದ ಕುರ್ಚಿಗಳು ತುಂಬುವಷ್ಟು ಜನ ಬಂದಿದ್ದರು. ಗುಂಪಿನ ಕಾರ್ಯದರ್ಶಿಯಾಗಿದ್ದ ಹುಡುಗ, ಬರೀ ಚಂದ್ರನ ತುಣುಕಿನ ಬಗ್ಗೆ ಮಾತಾಡಿ ಮುಗಿಸಿ, ‘ಬಾಯಿ’, ಎಂದು ಬೇಡಿಕೊಂಡ. ಅಕ್ಕೋರು ಮತ್ತೆ ಬರೆದು ತಂದಿದ್ದ ಮಣೆಯನ್ನು ಮೇಜಿನ ಮೇಲೆ ನಿಲ್ಲಿಸಿ, ಮೊದಲು ತಮ್ಮ ವಾದವನ್ನು ಪೂರ್ತಿ ಹೇಳಿದರು. ಅಷ್ಟು ಚೆನ್ನಾಗಿ ಹೇಳಿದರೆಂದರೆ ಜನ ತಲೆದೂಗತೊಡಗಿದರು, ಒಬ್ಬರು ಚಪ್ಪಾಳೆಯನ್ನೂ ಹೊಡೆದರು. ಆಮೇಲೆ ಮೊರ ತೆಗೆದರು. ಎಲ್ಲರ ಮುಂದೆ ಚೀಟಿಗಳನ್ನು ಕೇರಿ, ಮುಂದಿನ ಸಾಲಿನವರ ಕೈಯಲ್ಲೇ ಜೋಡಣೆ ಮಾಡಿಸಿ, ಗುಂಪುಗಳನ್ನು ಎಣಿಸಿದರು. ಅಲ್ಲೂ ಇಪ್ಪತ್ತೇಳೇ ಬಂತು.

“ಮಾಝಾ ಡೋಳಾ ಪಂಚಾಂಗಾಚಾ ಆಹೆ,” ಎಂದರು. ನನ್ನ ಕಣ್ಣು ಪಂಚಾಂಗದ್ದು. ಆ ಕಣ್ಣಿಗೆ ಮದುವೆ ಕರೆಯೋಲೆಯ ಚೂರುಗಳಲ್ಲೂ ಪಂಚಾಂಗ ಕಾಣುತ್ತದೆ, ಆದ್ದರಿಂದ ಹಲಗೆಯಲ್ಲಿ ಕಂಡದ್ದಕ್ಕೆ ಬೆಲೆಯಿಲ್ಲ, ಎಂದು ವಿವರಿಸಿದರು. ನಂತರ ಮಣೆಯನ್ನು ತಿರುಗಿಸಿ ತಿರುಗಿಸಿ, ಉಳಿದ ಆ ಚಿಕ್ಕ ತುಣುಕನ್ನು ತೋರಿಸಿದರು. ಅದನ್ನು ಕಂಡುಹಿಡಿದದ್ದು ತಾವಲ್ಲ, ಬೇರೆಯವರು ಎಂಬುದನ್ನು ಎರಡು ಸಲ ಹೇಳಿದರು.

ಹಿಂದೆ ಕುಳಿತಿದ್ದ ಒಬ್ಬರು ಎದ್ದು, ಹಾಗಾದರೆ ಇಷ್ಟು ವರ್ಷ ಯಾಕೆ ಮಾಡಿದಿರಿ ಎಂದು ಕೇಳಿದರು. ದನಿಯಲ್ಲಿ ಕೊಂಕಿತ್ತು.

“ಮಜಾ ಆಲೀ,” ಎಂದರು ಅಕ್ಕೋರು. ಖುಷಿಯಾಯಿತು, ಅಷ್ಟೇ. ಸಭೆಯಲ್ಲಿ ನಗು ಎದ್ದಿತು, ಕೇಳಿದವರೂ ನಕ್ಕರು. ಅಕ್ಕೋರು ಎಡ ಅಂಗೈಯನ್ನು ಸೆರಗಿನಿಂದ ಒರೆಸಿಕೊಂಡರು.

ಹಿಂದಿರುಗುವಾಗ ಆಟೋದಲ್ಲಿ ಮಣೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಮುಂದೆ ಯಾವ ಹಲಗೆ ನೋಡುವುದು ಎಂದು ಮಾತು ತೆಗೆದರು. ಈ ಸಲ ನೋಡುವ ಮೊದಲೇ ಕಲಸೋಣ ಎಂದರು. ಹಾಗೆಯೇ ಮಾಡಿದೆವು ಕೂಡ, ಏನೂ ಸಿಗಲಿಲ್ಲ. ಸಿಗಲಿಲ್ಲ ಎಂದು ಹೇಳುವಾಗ ಅವರ ದನಿಯಲ್ಲಿ ನೆಮ್ಮದಿಯೇ ಇತ್ತು.

ಈ ವರ್ಷ ಚಳಿ ಶುರುವಾದ ಮೇಲೆ ಒಂದು ಮಧ್ಯಾಹ್ನ ಹೋಟೆಲಿನ ಯಜಮಾನರ ಫೋನ್ ಬಂತು. ಅಕ್ಕ ಹೋದರು ಮಾರಾಯ್ತಿ ಎಂದರು. ಊಟ ಮಾಡಿ ಮಲಗಿದವರು ಏಳಲಿಲ್ಲವಂತೆ. ಆಮೇಲೆ, “ಇವತ್ತು ಸಪ್ತಮಿ,” ಎಂದರು. ಗಲ್ಲೆಯ ಪಕ್ಕದ ಪಂಚಾಂಗ ಕಣ್ಣೆದುರೇ ಇದ್ದಿರಬೇಕು.

ಸಂಜೆ ಖಡಕಿಗೆ ಹೋದೆ. ಮಗಳು ಕೊಂಢವಾದಿಂದ ಬಂದಿದ್ದರು. ಅಕ್ಕೋರ ತಲೆಯ ಬಳಿ ದೀಪ ಇಡಲು ಯಾರೋ ಅಡುಗೆಮನೆಯಿಂದ ಆ ಮಣೆಯನ್ನೇ ತಂದು ಹಾಕಿದ್ದರು. ಬಿಳಿ ಚುಕ್ಕಿ ಕೆಳಗಿನ ಎಡ ಮೂಲೆಯಲ್ಲಿ ಇರಲಿಲ್ಲ, ಮೇಲಿನ ಬಲ ಮೂಲೆಯಲ್ಲಿತ್ತು. ಒಂದು ಸಾಲು ಮುಗಿಸಿ ತಿರುಗಿಸಿಟ್ಟರೆ ಅದು ಬರುವ ಜಾಗ. ನಾನು ಅದನ್ನು ಮುಟ್ಟಲಿಲ್ಲ.

ಮರುದಿನ ಬೆಳಕು ಹರಿಯುವ ಮೊದಲು ಎದ್ದು, ಕಾವಲಿನವನಿಂದ ಬೀಗದ ಕೈ ಕೇಳಿ, ನಮ್ಮ ಕಟ್ಟಡದ ಮಾಳಿಗೆಗೆ ಹೋದೆ. ಕೃಷ್ಣಪಕ್ಷದ ಅರ್ಧಚಂದ್ರ ಎತ್ತರದಲ್ಲಿ, ದಕ್ಷಿಣಕ್ಕೆ ತುಸು ವಾಲಿ ನಿಂತಿದ್ದ, ಬೆಳಕಿನ ಬದಿ ಈಗ ಪೂರ್ವಕ್ಕೆ. ದುಪಟ್ಟಾ ಹಾಸಿ, ತಲೆಯನ್ನು ದಕ್ಷಿಣಕ್ಕೆ ಇಟ್ಟು ಅಂಗಾತ ಮಲಗಿದೆ. ಸಿಮೆಂಟು ತಣ್ಣಗಿತ್ತು. ಅನುಮಾನದಿಂದ ಹಿಂದೆಯೇ ಬಂದಿದ್ದ ಕಾವಲಿನವನು ನನ್ನ ಕಾಲ ಬಳಿ ನಿಂತು, ಹುಷಾರಿಲ್ಲವೇ ಮ್ಯಾಡಮ್ ಎಂದು ಮರಾಠಿಯಲ್ಲಿ ಕೇಳಿದ. ಚಂದ್ರನನ್ನು ನೋಡುತ್ತಿದ್ದೇನೆ ಎಂದೆ. ಅವನೂ ತಲೆ ಎತ್ತಿ ನೋಡಿದ. ನನಗೆ ಬಲಕ್ಕೆ ಕಂಡ ಬೆಳಕು ಅವನಿಗೆ ಎಡಕ್ಕೆ ಕಂಡಿರಬೇಕು.